ದಫ್ತರದಿಂದ ಕಡತಕ್ಕೆ: ಮುಕ್ತ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಕಡತ ವ್ಯವಸ್ಥೆಯ ಆಯ್ಕೆಯನ್ನು ಕುರಿತು

೧. ಪೀಠಿಕೆ

ಇತಿಹಾಸ ರಚನೆಯಲ್ಲಿ ತೊಡಗಿದವರು ಆಕರಗಳ ಪ್ರಾಮಾಣ್ಯವನ್ನು ಕುರಿತು ಬಹುವಾಗಿ ಚರ್ಚಿಸುವುದುಂಟು. ಆದರೆ ಆ ಆಕರಗಳು ಯಾವ ಪದಾರ್ಥದ ಮೇಲೆ, ಯಾವ ಕ್ರಮದಲ್ಲಿ ಇರಿಸಲ್ಪಟ್ಟಿವೆ, ಆ ಕ್ರಮವನ್ನು ಆರಿಸಿದವರು ಯಾರು, ಏಕೆ ಆರಿಸಿದರು ಎಂಬ ಪ್ರಶ್ನೆಗಳು ಅಷ್ಟಾಗಿ ನಮ್ಮ ಗಮನಕ್ಕೆ ಬರುವುದಿಲ್ಲ. ಕಲ್ಲು, ತಾಮ್ರಪಟ, ಓಲೆಗರಿ, ಕಾಗದ ಇವುಗಳ ಗುಣದೋಷಗಳನ್ನಾದರೂ ಶಾಸನತಜ್ಞರೂ ಹಸ್ತಪ್ರತಿತಜ್ಞರೂ ವಿವೇಚಿಸಿದ್ದಾರೆ. ಈ ಸಾಲಿಗೆ ಈಚೆಗೆ ಸೇರಿರುವ ಗಣಕಯಂತ್ರದ ಡಿಸ್ಕನ್ನು ಮಾತ್ರ ನಾವು ಒಂದು ಪೆಟ್ಟಿಗೆಯೆಂದು ಭಾವಿಸಿ, ಅದರೊಳಗೆ ಇಟ್ಟದ್ದು ಇಟ್ಟಂತೆಯೇ ಇರುವುದೆಂದು ನಂಬಿ ನಿಶ್ಚಿಂತರಾಗಿದ್ದೇವೆ. ಆ ಪೆಟ್ಟಿಗೆಯೊಳಗೂ ಒಂದು ದಫ್ತರವಿದೆ. ಆ ದಫ್ತರಕ್ಕೂ ಒಂದು ಇತಿಹಾಸವಿದೆ. ಅದನ್ನು ಸಂಕ್ಷೇಪವಾಗಿ ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಈ ಪ್ರಶ್ನೆಗೆ ನಮ್ಮನ್ನು ಕರೆತಂದದ್ದು ಗ್ರಂಥವ್ಯಾಸಂಗವಲ್ಲ, ಒಂದು ನಷ್ಟ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳಲ್ಲಿ ಮನೆತನಗಳ ವಶದಲ್ಲಿರುವ ಹಳೆಯ ಲೆಕ್ಕಪತ್ರಗಳ ಛಾಯಾಚಿತ್ರಗಳನ್ನು ನಾವು ಕೆಲವು ವರ್ಷಗಳಿಂದ ಸಂಗ್ರಹಿಸುತ್ತ ಬಂದಿದ್ದೇವೆ. ೨೦೧೯ರ ಬೇಸಿಗೆಯಲ್ಲಿ ಅಫಜಲಪುರ ತಾಲ್ಲೂಕಿನ ಭೀಮಾತೀರದ ಒಂದು ಗ್ರಾಮದಲ್ಲಿ ಹಿಂದಿನ ಕುಲಕರ್ಣಿ ಮನೆತನದವರೊಬ್ಬರು ತಮ್ಮಲ್ಲಿದ್ದ ಮೋಡಿ ಲಿಪಿಯ ದಫ್ತರವನ್ನು ಒಂದು ದಿನದ ಮಟ್ಟಿಗೆ ನೋಡಲು ಕೊಟ್ಟರು. ಅಂದು ಸಂಜೆ ಕ್ಯಾಮೆರಾದ ಕಾರ್ಡಿನಲ್ಲಿದ್ದ ಚಿತ್ರಗಳನ್ನು ಬ್ಯಾಟರಿ ಕೆಟ್ಟಿದ್ದ ನಮ್ಮ ಲ್ಯಾಪ್‌ಟಾಪಿಗೆ ಸಾಗಿಸುತ್ತಿದ್ದಾಗ ವಿದ್ಯುತ್ತು ಹೋಯಿತು. ನಾವು ಚಿತ್ರಗಳನ್ನು ನಕಲು ಮಾಡಿರಲಿಲ್ಲ, ಸ್ಥಳಾಂತರ ಮಾಡಿದ್ದೆವು. ಎಂದರೆ ಒಂದೊಂದು ಚಿತ್ರವೂ ಇತ್ತ ಬಂದಿತೆಂದು ಯಂತ್ರ ತಿಳಿದೊಡನೆ ಅತ್ತ ಅಳಿಸಿಹೋಗುತ್ತಿತ್ತು. ವಿದ್ಯುತ್ತು ಮರಳಿದ ಮೇಲೆ ಎಲ್ಲ ಕಡತಗಳ ಹೆಸರುಗಳೂ ಕ್ರಮವಾಗಿ ಕಾಣಿಸಿದ್ದರಿಂದ ನಾವು ಅನುಮಾನಪಡಲಿಲ್ಲ. ಮರುದಿನ ಅದೇ ಕಾರ್ಡಿನಲ್ಲಿ ಹೊಸ ಚಿತ್ರಗಳನ್ನು ತೆಗೆದೆವು. ನಾಲ್ಕು ದಿನಗಳ ತರುವಾಯ ನೋಡಲಾಗಿ ಕೊನೆಯ ೧೧ ಕಡತಗಳಿಗೆ ಹೆಸರಿತ್ತು, ಒಳಗೆ ಏನೂ ಇರಲಿಲ್ಲ. ಅವುಗಳ ಗಾತ್ರ ಸೊನ್ನೆಯಾಗಿತ್ತು.

ಮತ್ತೊಮ್ಮೆ ಹೋಗಿ ಆ ಹಾಳೆಗಳನ್ನು ಚಿತ್ರಿಸಿಕೊಂಡರಾಯಿತೆಂದು ನಾವು ಮುಂದೂಡಿದೆವು. ೨೦೨೦ರ ಅಕ್ಟೋಬರಿನಲ್ಲಿ ಭೀಮಾನದಿಗೆ ಮಹಾಪೂರ ಬಂದು, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದೀತೀರದ ಗ್ರಾಮಗಳು ಜಲಾವೃತವಾದವು. ಆ ಮನೆಯ ಮಣ್ಣಿನ ಗೋಡೆ ಕುಸಿಯಿತು. ದಫ್ತರ ಕೆಸರಿನಲ್ಲಿ ಕರಗಿತು. ಕಳೆದುಹೋದ ಹಾಳೆಗಳ ಪೈಕಿ ಒಂದನ್ನು ಮಾತ್ರ ನಾವು ಅಲ್ಲಿಯೇ ಓದಿದ್ದೆವು. ಊರ ಬಾವಿಯ ದುರಸ್ತಿಗೆ ದುಡಿದ ಆಳುಗಳ ಹೆಸರುಗಳೂ ಅವರಿಗೆ ಸಂದ ಜೋಳದ ಲೆಕ್ಕವೂ ಅದರಲ್ಲಿದ್ದವು. ಅವರ ಹೆಸರನ್ನು ಬರೆದಿಟ್ಟ ಬೇರೊಂದು ಕಾಗದ ಇರುವುದು ಸಂಭವವಿಲ್ಲ.

೨. ಮೂರು ತಾಲ್ಲೂಕುಗಳ ದಾಖಲೆಯ ಹಸ್ತಾಂತರಗಳು

ಡಿಸ್ಕಿನ ವಿಚಾರಕ್ಕೆ ಬರುವ ಮುನ್ನ ಈ ಪ್ರದೇಶದ ಕಾಗದದ ದಾಖಲೆಗಳ ಕಥೆಯನ್ನು ಸ್ವಲ್ಪಮಟ್ಟಿಗೆ ಅವಲೋಕಿಸುವುದು ಉಚಿತ. ಆಳಂದ, ಅಫಜಲಪುರ, ಜೇವರ್ಗಿಗಳು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಪ್ರದೇಶಗಳು. ೧೮೫೩ರಲ್ಲಿ ದಿವಾನರಾದ ಒಂದನೆಯ ಸಾಲಾರ್ ಜಂಗರ ಆಡಳಿತ ಸುಧಾರಣೆಗಳ ಫಲವಾಗಿ ೧೮೬೫ರಲ್ಲಿ ಸಂಸ್ಥಾನದಲ್ಲಿ ಜಿಲ್ಲಾ ವ್ಯವಸ್ಥೆ ಜಾರಿಗೆ ಬಂದಿತು. ಗ್ರಾಮದಲ್ಲಿ ಮಾಲಿ ಪಾಟೀಲ, ಪೊಲೀಸ್ ಪಾಟೀಲ, ಪಟವಾರಿ ಇವರು ದಾಖಲೆಯ ಮೊದಲ ಕಾವಲುಗಾರರು. ಗ್ರಾಮದ ಲೆಕ್ಕ ದೇಶಭಾಷೆಯಲ್ಲಿ ನಡೆದರೆ, ಮೇಲಿನ ಕಚೇರಿಯ ವ್ಯವಹಾರ ಪಾರಸಿಯಲ್ಲಿ ನಡೆಯುತ್ತಿತ್ತು. ೧೮೮೪ರಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದಿತು. ೧೯೪೮ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತ ಒಕ್ಕೂಟದಲ್ಲಿ ಸೇರಿತು. ೧೯೫೬ರ ನವೆಂಬರ್ ೧ರಂದು ಈ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದು, ಕನ್ನಡ ಕಚೇರಿಯ ಭಾಷೆಯಾಗುವುದಕ್ಕೆ ಹಾದಿಯಾಯಿತು.

ಹೀಗೆ ಮುಕ್ಕಾಲು ಶತಮಾನದ ಅವಧಿಯಲ್ಲಿ ಒಂದೇ ಹೊಲದ ದಾಖಲೆ ಹಲವು ಲಿಪಿಗಳನ್ನು ಕಂಡಿತು. ಕಾಲಗಣನೆಯೂ ಬೇರೆಯಾಗಿತ್ತು. ಹೈದರಾಬಾದಿನ ಭೂಕಂದಾಯ ಕಾನೂನನ್ನು ಇಂದಿಗೂ ೧೩೧೭ ಫಸಲಿಯದೆಂದೇ ನಿರ್ದೇಶಿಸುತ್ತಾರೆ. ದಖ್ಖನಿನ ಫಸಲಿಗೆ ೫೯೦ನ್ನು ಕೂಡಿದರೆ ಕ್ರಿಸ್ತಶಕ ೧೯೦೭ ಬರುತ್ತದೆಂಬ ಸೂತ್ರವನ್ನು ಅರಿಯದವನಿಗೆ ಆ ಕಾಗದ ಕೈಯಲ್ಲಿದ್ದೂ ಇಲ್ಲದಂತೆಯೇ ಸರಿ. ೧೯೬೪ರ ಭೂಕಂದಾಯ ಅಧಿನಿಯಮವು ರಾಜ್ಯದ ವಿವಿಧ ಭಾಗಗಳ ಕಾನೂನುಗಳನ್ನು ಏಕರೂಪಕ್ಕೆ ತಂದಿತು. ೨೦೦೦ದ ಸುಮಾರಿಗೆ ಆರಂಭವಾದ 'ಭೂಮಿ' ಯೋಜನೆಯಿಂದ ಅಂದಿನ ೧೭೭ ತಾಲ್ಲೂಕುಗಳ ಸುಮಾರು ಎರಡು ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ನಮ್ಮ ಮೂರು ತಾಲ್ಲೂಕುಗಳೂ ಅದರಲ್ಲಿ ಸೇರಿದ್ದವು. ಗಣಕೀಕರಣ ಮುಗಿದ ಮೇಲೆ ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ನಿಂತುಹೋಯಿತು.

'ಭೂಮಿ' ಮುಕ್ತ ತಂತ್ರಾಂಶದ ಉದಾಹರಣೆಯಲ್ಲ. ಅದನ್ನು ಇಲ್ಲಿ ಸ್ಮರಿಸುವುದು ಹಸ್ತಾಂತರದ ದೃಷ್ಟಿಯಿಂದ ಮಾತ್ರ. ಈ ಎಲ್ಲ ಬದಲಾವಣೆಗಳಲ್ಲಿ ಒಂದು ಸಾಮಾನ್ಯ ಸಂಗತಿ ಕಂಡುಬರುತ್ತದೆ. ಹಳೆಯ ಕ್ರಮದಿಂದ ಹೊಸ ಕ್ರಮಕ್ಕೆ ಸಾಗಲು ಎಲ್ಲಿ ಸೇತುವೆಯಿತ್ತೋ, ಎರಡನ್ನೂ ಓದಬಲ್ಲ ಜನರು ಎಲ್ಲಿ ಇದ್ದರೋ, ಅಲ್ಲಿ ದಾಖಲೆ ಉಳಿಯಿತು. ಎಲ್ಲಿ ಅವರಿಲ್ಲವೋ ಅಲ್ಲಿ ದಫ್ತರವನ್ನು ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೇಲಿಟ್ಟರು. ಅದು ಸುಟ್ಟುಹೋಗದಿದ್ದರೂ ಮೂಕವಾಯಿತು. ಮುಕ್ತ ಕಾರ್ಯಾಚರಣ ವ್ಯವಸ್ಥೆಗಳ ಕಡತ ವ್ಯವಸ್ಥೆಗಳ ಇತಿಹಾಸವೂ ಇದೇ ನಿಯಮಕ್ಕೆ ಅಧೀನವಾಗಿದೆ ಎಂಬುದು ನಮ್ಮ ಅಭಿಪ್ರಾಯ. ಅಲ್ಲಿ ಗೆದ್ದದ್ದು ಯಾವಾಗಲೂ ಹೆಚ್ಚು ಸಮರ್ಥವಾದ ವ್ಯವಸ್ಥೆಯಲ್ಲ. ಹಳೆಯದನ್ನು ಮುರಿಯದೆ ಮುಂದಕ್ಕೆ ಒಯ್ದ, ಕಾಯುವವರು ಅನೇಕರಿದ್ದ ವ್ಯವಸ್ಥೆ.

೩. ಕಡತ ವ್ಯವಸ್ಥೆಯ ಸ್ವರೂಪ

ಡಿಸ್ಕಿನಲ್ಲಿ ಸ್ವಭಾವತಃ ಕಡತಗಳೆಂಬುವು ಇರುವುದಿಲ್ಲ. ಕ್ರಮಸಂಖ್ಯೆಯುಳ್ಳ ಕೋಟ್ಯಂತರ ಖಾನೆಗಳು ಮಾತ್ರ ಇರುತ್ತವೆ. ಯಾವ ಖಾನೆಯಲ್ಲಿ ಯಾವ ಕಡತದ ಎಷ್ಟನೆಯ ಭಾಗವಿದೆ, ಯಾವ ಖಾನೆ ಖಾಲಿ, ಕಡತದ ಹೆಸರೇನು, ಅದನ್ನು ಬರೆದ ಕಾಲ ಯಾವುದು ಎಂಬ ವಿವರಗಳನ್ನು ಇಡುವ ಕ್ರಮಕ್ಕೆ ಕಡತ ವ್ಯವಸ್ಥೆಯೆಂದು ಹೆಸರು. ದಫ್ತರದ ಕೋಣೆಗೆ ಹೋಲಿಸುವುದಾದರೆ, ಹಾಳೆಗಳು ಬೇರೆ, ಹಾಳೆಗಳ ಸೂಚಿ ಬೇರೆ. ಸೂಚಿ ಕೆಟ್ಟರೆ ಹಾಳೆಗಳಿದ್ದೂ ಸಿಗುವುದಿಲ್ಲ. ಹಾಳೆ ಖಾಲಿಯಾಗಿದ್ದರೆ ಸೂಚಿ ಎಷ್ಟು ಸರಿಯಾಗಿದ್ದರೂ ಪ್ರಯೋಜನವಿಲ್ಲ. ನಮ್ಮ ೧೧ ಹಾಳೆಗಳಿಗೆ ಒದಗಿದ್ದು ಎರಡನೆಯ ಗತಿ.

ಯಂತ್ರವು ನಾವು ಕೊಟ್ಟದ್ದನ್ನು ತತ್‌ಕ್ಷಣವೇ ಡಿಸ್ಕಿಗೆ ಬರೆಯುವುದಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ವೇಗದ ಸಲುವಾಗಿ ಅದು ಕೆಲವು ಸೆಕೆಂಡುಗಳ ಕಾಲ ಎಲ್ಲವನ್ನೂ ತನ್ನ ಸ್ಮೃತಿಯಲ್ಲಿಯೇ ಇಟ್ಟುಕೊಂಡು, ಅನಂತರ ಒಟ್ಟಿಗೆ ಬರೆಯುತ್ತದೆ. ಆ ನಡುಗಾಲದಲ್ಲಿ ವಿದ್ಯುತ್ತು ನಿಂತರೆ ಏನಾಗಬೇಕೆಂಬುದೇ ಪ್ರತಿಯೊಂದು ಕಡತ ವ್ಯವಸ್ಥೆಯೂ ಉತ್ತರಿಸಬೇಕಾದ ಮೂಲಪ್ರಶ್ನೆ. ನಮ್ಮ ಕಡೆಯ ತಾಲ್ಲೂಕುಗಳಲ್ಲಿ ಇದು ಕೇವಲ ತಾತ್ವಿಕ ಪ್ರಶ್ನೆಯಲ್ಲವೆಂದು ಓದುಗರಿಗೆ ಹೇಳಬೇಕಾಗಿಲ್ಲ.

೪. ಲಿನಕ್ಸಿನ ಆರಂಭಕಾಲದ ಆಯ್ಕೆಗಳು

ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಲಿನಕ್ಸನ್ನು ಬರೆಯತೊಡಗಿದಾಗ ಕಡತ ವ್ಯವಸ್ಥೆಯನ್ನು ಹೊಸದಾಗಿ ಕಲ್ಪಿಸಲಿಲ್ಲ. ಆಂಡ್ರ್ಯೂ ಟನೆನ್‌ಬಾಮ್ ಎಂಬ ಪ್ರಾಧ್ಯಾಪಕರು ಪಾಠಕ್ಕಾಗಿ ರಚಿಸಿ ೧೯೮೭ರಲ್ಲಿ ಪ್ರಕಟಿಸಿದ್ದ ಮಿನಿಕ್ಸ್ ವ್ಯವಸ್ಥೆಯ ಕ್ರಮವನ್ನೇ ಸ್ವೀಕರಿಸಿದರು. ಅವರು ಮಿನಿಕ್ಸ್ ಯಂತ್ರದ ಮೇಲೆಯೇ ಕೆಲಸ ಮಾಡುತ್ತಿದ್ದುದರಿಂದ ಎರಡೂ ವ್ಯವಸ್ಥೆಗಳು ಒಂದೇ ಡಿಸ್ಕನ್ನು ಓದಬಲ್ಲವಾಗಿರುವುದು ಅವಶ್ಯವಾಗಿತ್ತು. ಮೊದಲ ಆಯ್ಕೆಯೇ ಸೇತುವೆಯ ದೃಷ್ಟಿಯಿಂದ ನಡೆದದ್ದು ಗಮನಾರ್ಹ.

ಆದರೆ ಮಿನಿಕ್ಸಿನ ಕ್ರಮ ಸಂಕುಚಿತವಾಗಿತ್ತು. ಒಂದು ವಿಭಾಗದ ಗಾತ್ರ ೬೪ ಮೆಗಾಬೈಟುಗಳನ್ನು ಮೀರುವಂತಿರಲಿಲ್ಲ. ಕಡತದ ಹೆಸರಿಗೆ ೧೪ ಬೈಟುಗಳು ಮಾತ್ರ ಇದ್ದವು. ಈಗ ರೂಢಿಯಲ್ಲಿರುವ ಸಂಕೇತಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ೩ ಬೈಟುಗಳು ಬೇಕು. ಅದರಂತೆ ಎಣಿಸಿದರೆ ನಾಲ್ಕು ಚಿಹ್ನೆಗಳ 'ಆಳಂದ' ೧೨ ಬೈಟುಗಳಲ್ಲಿ ಅಡಗುತ್ತದೆ. ಏಳೇಳು ಚಿಹ್ನೆಗಳ 'ಅಫಜಲಪುರ', 'ಜೇವರ್ಗಿ'ಗಳಿಗೆ ೨೧ ಬೈಟುಗಳು ಬೇಕಾಗಿ, ಅವುಗಳಿಗೆ ಆ ದಫ್ತರದಲ್ಲಿ ಸ್ಥಳವೇ ಇರುತ್ತಿರಲಿಲ್ಲ.

ಈ ಕೊರತೆಯನ್ನು ನೀಗಲು ಫ್ರಾನ್ಸಿನ ರೆಮಿ ಕಾರ್ಡ್ ಎಂಬವರು ೧೯೯೨ರ ಏಪ್ರಿಲಿನಲ್ಲಿ 'ಎಕ್ಸ್ಟ್' ಎಂಬ ವ್ಯವಸ್ಥೆಯನ್ನು ತಂದರು. ಗಾತ್ರದ ಮಿತಿ ೨ ಗಿಗಾಬೈಟಿಗೂ ಹೆಸರಿನ ಮಿತಿ ೨೫೫ ಬೈಟಿಗೂ ಏರಿತು. ೧೯೯೩ರ ಜನವರಿಯಲ್ಲಿ ಎರಡು ಹೊಸ ವ್ಯವಸ್ಥೆಗಳು ಒಟ್ಟಿಗೇ ಸ್ಪರ್ಧೆಗೆ ಬಂದವು: ರೆಮಿ ಕಾರ್ಡರದೇ ಆದ ಎಕ್ಸ್ಟ್-೨, ಮತ್ತು ಫ್ರಾಂಕ್ ಶಿಯಾ ಎಂಬವರು ಮಿನಿಕ್ಸಿನ ಆಧಾರದ ಮೇಲೆ ಕಟ್ಟಿದ ಶಿಯಾ ವ್ಯವಸ್ಥೆ. ಆರಂಭದಲ್ಲಿ ಶಿಯಾ ವ್ಯವಸ್ಥೆಯೇ ಹೆಚ್ಚು ಸ್ಥಿರವಾಗಿತ್ತು, ಎಕ್ಸ್ಟ್-೨ರಲ್ಲಿ ದೋಷಗಳಿದ್ದವು. ಹಾಗಿದ್ದೂ ಎಕ್ಸ್ಟ್-೨ರ ರಚನೆಯಲ್ಲಿ ಮುಂದಿನ ಬೆಳವಣಿಗೆಗಾಗಿ ಖಾಲಿ ಸ್ಥಳಗಳನ್ನು ಮೊದಲೇ ಬಿಟ್ಟಿದ್ದರು. ದೋಷಗಳು ಕಾಲಕ್ರಮದಲ್ಲಿ ತಿದ್ದಲ್ಪಟ್ಟವು. ಖಾಲಿ ಸ್ಥಳಗಳು ಉಪಯೋಗಕ್ಕೆ ಬಂದವು. ಶಿಯಾ ವ್ಯವಸ್ಥೆ ಕೆಲವೇ ವರ್ಷಗಳಲ್ಲಿ ಲಿನಕ್ಸಿನಿಂದ ಲೋಪವಾಯಿತು. ಖಾತೆಪುಸ್ತಕದಲ್ಲಿ ಷರಾ ಬರೆಯಲು ಅಂಚು ಬಿಡುವ ಜಾಣ ಪಟವಾರಿಯ ಬುದ್ಧಿಯೇ ಇಲ್ಲಿಯೂ ಗೆದ್ದಿತೆನ್ನಬಹುದು.

೫. ಕೀರ್ದಿಯ ಯುಗ

ಎಕ್ಸ್ಟ್-೨ರಲ್ಲಿ ಒಂದು ದೊಡ್ಡ ಬಾಧೆಯಿತ್ತು. ವಿದ್ಯುತ್ತು ಹಠಾತ್ತನೆ ನಿಂತರೆ ಯಂತ್ರವು ಪುನಃ ಆರಂಭವಾಗುವಾಗ ಇಡೀ ಡಿಸ್ಕಿನ ಸೂಚಿಯನ್ನು ಮೊದಲಿಂದ ಕಡೆಯವರೆಗೆ ಪರಿಶೀಲಿಸಬೇಕಾಗುತ್ತಿತ್ತು. ಡಿಸ್ಕುಗಳು ದೊಡ್ಡವಾದಂತೆ ಈ ಕೆಲಸಕ್ಕೆ ಗಂಟೆಗಟ್ಟಲೆ ಕಾಲ ಹಿಡಿಯತೊಡಗಿತು. ಇದಕ್ಕೆ ಪರಿಹಾರವಾಗಿ ಬಂದದ್ದೇ ನಮ್ಮ ಅಂಗಡಿಗಳ ಕೀರ್ದಿಯನ್ನು ಹೋಲುವ ಕ್ರಮ. ವ್ಯಾಪಾರಿಯು ವ್ಯವಹಾರವನ್ನು ಮೊದಲು ಕೀರ್ದಿಯಲ್ಲಿ ಬರೆದು ಅನಂತರ ಖಾತೆಗೆ ಏರಿಸುತ್ತಾನೆ. ನಡುವೆ ದೀಪ ಆರಿದರೂ ಕೀರ್ದಿಯನ್ನು ನೋಡಿ ಖಾತೆಯನ್ನು ಸರಿಪಡಿಸಬಹುದು. ಅಂತೆಯೇ ಕಡತ ವ್ಯವಸ್ಥೆಯೂ ಸೂಚಿಯಲ್ಲಿ ಮಾಡಬೇಕಾದ ಬದಲಾವಣೆಯನ್ನು ಮೊದಲು ಡಿಸ್ಕಿನ ಒಂದು ಪ್ರತ್ಯೇಕ ಭಾಗದಲ್ಲಿ ಬರೆದುಕೊಳ್ಳುತ್ತದೆ.

ಲಿನಕ್ಸಿನ ಮುಖ್ಯ ಕರ್ನೆಲಿಗೆ ಈ ಗುಣವುಳ್ಳ ಮೊದಲ ವ್ಯವಸ್ಥೆಯಾಗಿ ಸೇರಿದ್ದು ರೈಸರ್‌ಎಫ್‌ಎಸ್, ೨೦೦೧ರ ಜನವರಿಯಲ್ಲಿ. ಸಣ್ಣ ಕಡತಗಳ ವಿಷಯದಲ್ಲಿ ಅದರ ಸಾಮರ್ಥ್ಯ ಹೆಚ್ಚಿನದಾಗಿತ್ತು. ಜರ್ಮನಿಯ ಸೂಸೆ ವಿತರಣೆಯು ಅದನ್ನು ತನ್ನ ಮುಖ್ಯ ಆಯ್ಕೆಯಾಗಿ ಸ್ವೀಕರಿಸಿತ್ತು. ಅದೇ ವರ್ಷದ ನವೆಂಬರಿನಲ್ಲಿ ಸ್ಟೀಫನ್ ಟ್ವೀಡಿಯವರು ರೂಪಿಸಿದ ಎಕ್ಸ್ಟ್-೩ ಸೇರಿತು. ಎಕ್ಸ್ಟ್-೩ರಲ್ಲಿ ಹೊಸತೆಂಬುದು ಬಹಳವಿರಲಿಲ್ಲ. ಹಳೆಯ ಎಕ್ಸ್ಟ್-೨ಕ್ಕೆ ಒಂದು ಕೀರ್ದಿಯನ್ನು ಸೇರಿಸಿದ್ದರು, ಅಷ್ಟೆ. ಆದರೆ ಡಿಸ್ಕಿನಲ್ಲಿದ್ದುದನ್ನು ಬೇರೆಡೆಗೆ ಸಾಗಿಸದೆ, ಒಂದು ಹಾಳೆಯನ್ನೂ ಕದಲಿಸದೆ, ಹಳೆಯ ದಫ್ತರವನ್ನು ಹೊಸದಾಗಿ ಮಾಡಿಕೊಳ್ಳಬಹುದಾಗಿತ್ತು. ಬೇಡವಾದರೆ ಹಿಂದಕ್ಕೂ ಹೋಗಬಹುದಾಗಿತ್ತು. ರೈಸರ್‌ಎಫ್‌ಎಸ್ಸಿಗೆ ಹೋಗಲು ಮಾತ್ರ ಎಲ್ಲವನ್ನೂ ಹೊರತೆಗೆದು ಮತ್ತೆ ತುಂಬಬೇಕಾಗಿತ್ತು.

ಫಲಿತಾಂಶವನ್ನು ಕಾಲವೇ ತೋರಿಸಿತು. ೨೦೦೬ರಲ್ಲಿ ಸೂಸೆಯೇ ಎಕ್ಸ್ಟ್-೩ರ ಕಡೆಗೆ ತಿರುಗಿತು. ರೈಸರ್‌ಎಫ್‌ಎಸ್ಸನ್ನು ಕಾಯುವವರ ಸಂಖ್ಯೆ ಕುಗ್ಗುತ್ತ ಬಂದಿತು. ೨೦೨೨ರಲ್ಲಿ ಅದನ್ನು ತೆಗೆಯುವ ಸೂಚನೆ ಹೊರಟಿತು. ೨೦೨೫ರ ಜನವರಿಯಲ್ಲಿ ಹೊರಬಂದ ೬.೧೩ನೆಯ ಕರ್ನೆಲಿನಲ್ಲಿ ಅದು ಇಲ್ಲ. ಆ ವ್ಯವಸ್ಥೆಯಲ್ಲಿ ಇಟ್ಟ ಡಿಸ್ಕೊಂದು ಇಂದು ಯಾರದಾದರೂ ಕಪಾಟಿನಲ್ಲಿದ್ದರೆ, ಅದನ್ನು ಓದಲು ಹಳೆಯ ಕರ್ನೆಲನ್ನು ಹುಡುಕಬೇಕು. ಮೋಡಿ ಓದಬಲ್ಲವರನ್ನು ಹುಡುಕಿಕೊಂಡು ನಾವು ಊರೂರು ಅಲೆಯುವುದಕ್ಕೂ ಇದಕ್ಕೂ ಹೆಚ್ಚಿನ ಭೇದವಿಲ್ಲ.

೬. ಎಕ್ಸ್ಟ್-೪ ಮತ್ತು ಬೆಂಗಳೂರಿನ ಸಂಬಂಧ

೨೦೦೬ರಲ್ಲಿ ಎಕ್ಸ್ಟ್-೩ರಿಂದ ಕವಲೊಡೆದ ಎಕ್ಸ್ಟ್-೪ ೨೦೦೮ರ ಡಿಸೆಂಬರಿನಲ್ಲಿ ಬಳಕೆಗೆ ಯೋಗ್ಯವೆಂದು ಸಾರಲ್ಪಟ್ಟಿತು. ಇದರ ನಿರ್ಮಾಣದಲ್ಲಿ ಕರ್ನಾಟಕಕ್ಕೂ ಒಂದು ಪಾಲುಂಟು. ೨೦೦೭ರ ಒಟ್ಟಾವಾ ಲಿನಕ್ಸ್ ಸಮ್ಮೇಳನದಲ್ಲಿ ಈ ವ್ಯವಸ್ಥೆಯನ್ನು ವಿವರಿಸಿದ ಪ್ರಬಂಧದ ಕರ್ತೃಗಳಲ್ಲಿ ಐಬಿಎಂ ಸಂಸ್ಥೆಯ ಬೆಂಗಳೂರು ಪ್ರಯೋಗಾಲಯದಲ್ಲಿದ್ದ ಸುಪರ್ಣಾ ಭಟ್ಟಾಚಾರ್ಯರು ಒಬ್ಬರು. ಖಾನೆಗಳನ್ನು ಹಂಚುವ ಕ್ರಮದ ಸುಧಾರಣೆಯನ್ನು ಕುರಿತ ೨೦೦೮ರ ಪ್ರಬಂಧದ ಮೊದಲ ಕರ್ತೃ ಅದೇ ಸಂಸ್ಥೆಯ ಅನೀಶ್ ಕುಮಾರ್ ಕೆ.ವಿ. ಅವರು. ೨೦೧೦ರಲ್ಲಿ ಗೂಗಲ್ ಸಂಸ್ಥೆ ತನ್ನ ಯಂತ್ರಗಳಿಗೆ ಎಕ್ಸ್ಟ್-೪ನ್ನು ಆರಿಸಿತು. ಅಲ್ಲಿಯೂ ಎಕ್ಸ್ಟ್-೨ರಲ್ಲಿದ್ದ ಯಂತ್ರಗಳನ್ನು ಇದ್ದಲ್ಲಿಯೇ ಬದಲಾಯಿಸಬಹುದೆಂಬುದು ಒಂದು ಮುಖ್ಯ ಕಾರಣವಾಗಿತ್ತು. ಅದೇ ವರ್ಷದ ಕೊನೆಗೆ ಅದು ಆಂಡ್ರಾಯ್ಡ್ ದೂರವಾಣಿಗಳಿಗೂ ಬಂದಿತು.

ಎಕ್ಸ್ಟ್-೪ರ ಒಂದು ವಿಶೇಷ ನಮ್ಮ ನಷ್ಟಕ್ಕೆ ನೇರವಾಗಿ ಸಂಬಂಧಿಸಿದೆ. ಹೊಸ ಕಡತಕ್ಕೆ ಯಾವ ಖಾನೆಗಳನ್ನು ಕೊಡಬೇಕೆಂಬ ನಿರ್ಧಾರವನ್ನು ಅದು ಡಿಸ್ಕಿಗೆ ಬರೆಯುವ ಕೊನೆಯ ಗಳಿಗೆಯವರೆಗೆ ಮುಂದೂಡುತ್ತದೆ. ಇದರಿಂದ ಕಡತದ ಭಾಗಗಳು ಒಂದೆಡೆ ಸೇರಿ ವೇಗ ಹೆಚ್ಚುತ್ತದೆ. ಆದರೆ ಕಡತದ ಹೆಸರು ಕೀರ್ದಿಯಲ್ಲಿ ಐದಾರು ಸೆಕೆಂಡುಗಳಲ್ಲಿಯೇ ದಾಖಲಾದರೆ, ಒಡಲಿನ ವಿಷಯ ಬರೆಯಲ್ಪಡಲು ಅರ್ಧ ನಿಮಿಷದಷ್ಟು ಹಿಡಿಯಬಹುದು. ೨೦೦೯ರಲ್ಲಿ ಯಂತ್ರಗಳು ಹಠಾತ್ತನೆ ನಿಂತಾಗ ಅನೇಕರಿಗೆ ಸೊನ್ನೆ ಗಾತ್ರದ ಕಡತಗಳು ದೊರೆತು ದೊಡ್ಡ ಚರ್ಚೆಯೆದ್ದಿತು. ನಿರ್ವಾಹಕರಾದ ಥಿಯೋಡೋರ್ ಚೋ ಅವರು, ಕಡತವು ಡಿಸ್ಕಿಗೆ ಸೇರಲೇಬೇಕೆಂದು ಕೋರುವ ಆಜ್ಞೆಯನ್ನು ತಂತ್ರಾಂಶಗಳು ಕೊಡಬೇಕೆಂದು ವಾದಿಸಿದರು. ಹಾಗಿದ್ದರೂ ಹಳೆಯ ಕಡತದ ಸ್ಥಾನದಲ್ಲಿ ಹೊಸದನ್ನು ಇಡುವ ಸಾಮಾನ್ಯ ಸಂದರ್ಭಗಳಿಗೆ ರಕ್ಷಣೆಯನ್ನೂ ಸೇರಿಸಿದರು. ಹೊಸದಾಗಿ ಬಂದ ಕಡತಕ್ಕೆ ಆ ರಕ್ಷಣೆ ಅನ್ವಯಿಸುವುದಿಲ್ಲ. ಆದುದರಿಂದ ನಮಗೆ ವ್ಯವಸ್ಥೆ ಮೋಸ ಮಾಡಿತೆನ್ನಲಾಗದು. ಸೂಚಿಯನ್ನು ಕಾಯುವೆನೆಂದು ಅದು ಮಾತು ಕೊಟ್ಟಿತ್ತು, ಕಾಯಿತು. ಹಾಳೆಯನ್ನೂ ಕಾಯುವುದೆಂದು ತಿಳಿದದ್ದು ನಮ್ಮ ತಪ್ಪು.

೭. ಹಳೆಯದರ ಮೇಲೆ ಬರೆಯದ ಕ್ರಮ

ಜೇವರ್ಗಿಗೆ ನೆರೆಯ ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಯ ಗುಡಿಯ ಮಾಡು ೧೯೮೬ರಲ್ಲಿ ಕುಸಿದಾಗ, ವಿಗ್ರಹದ ಪೀಠಕ್ಕೆ ಬಳಸಿದ್ದ ಕಲ್ಲು ಅಶೋಕನ ಶಾಸನವೆಂದು ತಿಳಿದುಬಂದದ್ದು ಇತಿಹಾಸದ ವಿದ್ಯಾರ್ಥಿಗಳಿಗೆ ವಿದಿತವೇ ಇದೆ. ಪೀಠವನ್ನು ನಿಲ್ಲಿಸಲು ಆ ಕಲ್ಲಿನಲ್ಲಿ ಕೊರೆದ ರಂಧ್ರದಿಂದ ಶಾಸನದ ಕೆಲವು ಅಕ್ಷರಗಳು ಶಾಶ್ವತವಾಗಿ ನಷ್ಟವಾಗಿವೆ. ಇದ್ದ ಬರಹದ ಸ್ಥಳವನ್ನೇ ಹೊಸ ಉಪಯೋಗಕ್ಕೆ ತೆಗೆದುಕೊಂಡಾಗ ಒದಗುವ ಹಾನಿಗೆ ಇದಕ್ಕಿಂತ ಸಮೀಪದ ನಿದರ್ಶನ ನಮಗೆ ಸಿಗಲಾರದು. ಎಕ್ಸ್ಟ್ ವಂಶದ ವ್ಯವಸ್ಥೆಗಳೂ ಕಡತವನ್ನು ತಿದ್ದುವಾಗ ಹಳೆಯ ಖಾನೆಯ ಮೇಲೆಯೇ ಹೊಸದನ್ನು ಬರೆಯುತ್ತವೆ.

ಇದಕ್ಕೆ ಭಿನ್ನವಾದ ಕ್ರಮವನ್ನು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ಜೆಫ್ ಬಾನ್ವಿಕ್, ಮ್ಯಾಥ್ಯೂ ಆರೆನ್ಸ್ ಮುಂತಾದವರು ರೂಪಿಸಿದ ಜೆಡ್‌ಎಫ್‌ಎಸ್ ಪ್ರಚಾರಕ್ಕೆ ತಂದಿತು. ೨೦೦೫ರಲ್ಲಿ ಅದರ ಮೂಲವು ಓಪನ್‌ಸೋಲಾರಿಸಿನೊಡನೆ ಪ್ರಕಟವಾಯಿತು. ಬದಲಾದ ಭಾಗವನ್ನು ಅದು ಖಾಲಿ ಖಾನೆಯಲ್ಲಿ ಬರೆದು, ಬರೆದು ಮುಗಿದ ಮೇಲೆ ಮಾತ್ರ ಸೂಚಿಯನ್ನು ಅತ್ತ ತಿರುಗಿಸುತ್ತದೆ. ಮೇಲಾಗಿ ಪ್ರತಿಯೊಂದು ಖಾನೆಯ ವಿಷಯದಿಂದ ಲೆಕ್ಕಹಾಕಿದ ಒಂದು ತಾಳೆ ಸಂಖ್ಯೆಯನ್ನು ಬೇರೆಡೆ ಇಟ್ಟಿರುತ್ತದೆ. ಓದುವಾಗ ತಾಳೆಯಾಗದಿದ್ದರೆ ವಿಷಯ ಕೆಟ್ಟಿದೆಯೆಂದು ತಿಳಿಯುತ್ತದೆ. ಇನ್ನೊಂದು ಡಿಸ್ಕಿನಲ್ಲಿ ಪ್ರತಿಯಿದ್ದರೆ ಅಲ್ಲಿಂದ ಸರಿಪಡಿಸುತ್ತದೆ. ಎಕ್ಸ್ಟ್-೪ಕ್ಕೆ ೨೦೧೨ರಲ್ಲಿ ತಾಳೆ ಸಂಖ್ಯೆ ಬಂದಿತಾದರೂ ಅದು ಸೂಚಿಗೆ ಮಾತ್ರ, ಹಾಳೆಗಲ್ಲ.

ಇಷ್ಟು ಗುಣವಿದ್ದೂ ಜೆಡ್‌ಎಫ್‌ಎಸ್ ಲಿನಕ್ಸಿನ ಮುಖ್ಯ ಕರ್ನೆಲಿನಲ್ಲಿ ಸೇರಲಿಲ್ಲ. ಅದರ ಲೈಸೆನ್ಸು ಲಿನಕ್ಸಿನ ಲೈಸೆನ್ಸಿನೊಡನೆ ಹೊಂದುವುದಿಲ್ಲವೆಂಬ ವಾದವೇ ಮುಖ್ಯ ಅಡ್ಡಿ. ಅಂಥ ತೊಡಕಿಲ್ಲದ ಫ್ರೀಬಿಎಸ್‌ಡಿ ೨೦೦೮ರಲ್ಲಿಯೇ ಅದನ್ನು ಸೇರಿಸಿಕೊಂಡಿತು. ಉಬುಂಟು ವಿತರಣೆ ೨೦೧೬ರಲ್ಲಿ ತನ್ನ ಹೊಣೆಯ ಮೇಲೆ ಕೊಟ್ಟಿತು. ಲಿನಕ್ಸಿನವರು ಅದೇ ಬಗೆಯ ಬಿಟಿಆರ್‌ಎಫ್‌ಎಸ್ಸನ್ನು ಬೆಳೆಸಿದರು. ಕ್ರಿಸ್ ಮೇಸನ್ ೨೦೦೭ರಲ್ಲಿ ಪ್ರಕಟಿಸಿದ ಇದು ೨೦೦೯ರಲ್ಲಿ ಕರ್ನೆಲಿಗೆ ಸೇರಿತು. ಇದನ್ನು ಕುರಿತು ದೊಡ್ಡ ವಿತರಣೆಗಳಲ್ಲಿ ಏಕಾಭಿಪ್ರಾಯ ಮೂಡಲಿಲ್ಲ. ಓಪನ್‌ಸೂಸೆ ೨೦೧೪ರಲ್ಲಿ ಇದನ್ನು ಮೂಲ ವಿಭಾಗಕ್ಕೆ ಆರಿಸಿತು. ಅದೇ ವರ್ಷ ರೆಡ್ ಹ್ಯಾಟ್ ತನ್ನ ಉದ್ಯಮ ವಿತರಣೆಗೆ ಸಿಲಿಕನ್ ಗ್ರಾಫಿಕ್ಸಿನ ಮೂಲದ ಎಕ್ಸ್‌ಎಫ್‌ಎಸ್ಸನ್ನು ಆರಿಸಿ, ೨೦೧೯ರಲ್ಲಿ ಬಿಟಿಆರ್‌ಎಫ್‌ಎಸ್ಸನ್ನು ಕೈಬಿಟ್ಟಿತು. ಆದರೆ ಅದೇ ಸಂಸ್ಥೆಯ ಆಶ್ರಯದ ಫೆಡೋರಾ ೨೦೨೦ರಲ್ಲಿ ಮೇಜಿನ ಯಂತ್ರಗಳಿಗೆ ಬಿಟಿಆರ್‌ಎಫ್‌ಎಸ್ಸನ್ನೇ ಆರಿಸಿತು. ಡೆಬಿಯನ್ ಎಕ್ಸ್ಟ್-೪ರಲ್ಲಿಯೇ ಉಳಿಯಿತು.

ಮೇಲುನೋಟಕ್ಕೆ ಇದು ಗೊಂದಲವೆಂದು ತೋರಬಹುದು. ವಿಚಾರಿಸಿ ನೋಡಿದರೆ ಪ್ರತಿಯೊಂದು ವಿತರಣೆಯೂ ತನ್ನಲ್ಲಿ ಯಾವ ವ್ಯವಸ್ಥೆಯನ್ನು ಬಲ್ಲ ಕೆಲಸಗಾರರಿದ್ದರೋ ಅದನ್ನೇ ಆರಿಸಿತೆಂಬುದು ವ್ಯಕ್ತವಾಗುತ್ತದೆ. ಇದಕ್ಕೆ ವಿರುದ್ಧವಾದ ನಿದರ್ಶನ ಬಿಕ್ಯಾಶ್‌ಎಫ್‌ಎಸ್. ೨೦೨೪ರ ಜನವರಿಯಲ್ಲಿ ಕರ್ನೆಲಿಗೆ ಸೇರಿದ ಈ ವ್ಯವಸ್ಥೆ ಬಹುತೇಕ ಒಬ್ಬರ ಪರಿಶ್ರಮದ ಫಲ. ಅವರಿಗೂ ಕರ್ನೆಲಿನ ನಿರ್ವಾಹಕರಿಗೂ ಹೊಂದಾಣಿಕೆಯಾಗದೆ ಅದು ೨೦೨೫ರಲ್ಲಿ ಹೊರಹೋಯಿತು. ಅದರ ಯೋಗ್ಯತೆ ಎಷ್ಟಿತ್ತೆಂಬ ಪ್ರಶ್ನೆ ಈ ನಿರ್ಗಮನದಲ್ಲಿ ಗೌಣವಾಗಿತ್ತು.

೮. ಹೆಸರಿನ ಸಮಸ್ಯೆ

ಕನ್ನಡದಲ್ಲಿ ಕೆಲಸ ಮಾಡುವವರು ಇನ್ನೊಂದು ಸೂಕ್ಷ್ಮವನ್ನು ಅರಿಯಬೇಕು. ೨೫೫ ಬೈಟುಗಳ ಮಿತಿ ಎಂದರೆ ಕನ್ನಡಕ್ಕೆ ೮೫ ಚಿಹ್ನೆಗಳು. ಕಾಗುಣಿತದ ಗುರುತೂ ಒತ್ತಿನ ಕೊಂಡಿಯೂ ಪ್ರತ್ಯೇಕವಾಗಿ ಲೆಕ್ಕಕ್ಕೆ ಬರುತ್ತವೆ. ಗ್ರಾಮ, ಮನೆತನ, ದಫ್ತರ, ಹಾಳೆಗಳ ವಿವರವನ್ನೆಲ್ಲ ಹೆಸರಿನಲ್ಲಿಯೇ ತುಂಬಿಸಹೊರಟರೆ ಈ ಮಿತಿ ಬೇಗ ಮುಗಿಯುತ್ತದೆ.

ಇದಕ್ಕಿಂತ ಗಹನವಾದದ್ದು ಎರಡು ಬರಹಗಳ ಪ್ರಶ್ನೆ. ಯೂನಿಕೋಡಿನಲ್ಲಿ ಏತ್ವದ ದೀರ್ಘವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘದ ಗುರುತು ಎಂದು ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಆದುದರಿಂದ 'ಜೇವರ್ಗಿ' ಎಂಬ ಹೆಸರು ಒಂದು ಕಡೆ ೨೧ ಬೈಟುಗಳಾಗಿಯೂ ಇನ್ನೊಂದು ಕಡೆ ೨೪ ಬೈಟುಗಳಾಗಿಯೂ ಇರಬಹುದು. ಆಪಲ್ ಸಂಸ್ಥೆಯ ಹಿಂದಿನ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಎಕ್ಸ್ಟ್-೪ ಸಾಮಾನ್ಯವಾಗಿ ಬೈಟುಗಳನ್ನು ಮಾತ್ರ ನೋಡುವುದರಿಂದ, ಒಂದೇ ಕೋಶದಲ್ಲಿ ಕಣ್ಣಿಗೆ ಭೇದವೇ ಇಲ್ಲದ ಎರಡು 'ಜೇವರ್ಗಿ'ಗಳು ಅಕ್ಕಪಕ್ಕದಲ್ಲಿ ನಿಲ್ಲಬಲ್ಲವು. ೨೦೧೯ರ ೫.೨ನೆಯ ಕರ್ನೆಲಿನಿಂದ, ಕೇಳಿಕೊಂಡ ಕೋಶಗಳಲ್ಲಿ ಇವನ್ನು ಒಂದೆಂದು ಎಣಿಸುವ ಏರ್ಪಾಡು ಬಂದಿದೆ. ಅದನ್ನು ನಾವೇ ಆರಿಸಿಕೊಳ್ಳಬೇಕು. ಆಳಂದ, ಅಫಜಲಪುರಗಳ ಹೆಸರುಗಳಿಗೆ ಈ ತೊಡಕಿಲ್ಲ.

೯. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ, ಕಡತ ವ್ಯವಸ್ಥೆಯನ್ನು ಆರಿಸುವವರು ಕೇಳಬೇಕಾದ ಪ್ರಶ್ನೆಗಳು ಮೂರೆಂದು ನಿಷ್ಪನ್ನವಾಗುತ್ತದೆ. ಇಂದು ಇಟ್ಟದ್ದನ್ನು ನಾಳಿನ ವ್ಯವಸ್ಥೆಗೆ ಸಾಗಿಸಲು ದಾರಿಯುಂಟೆ? ಅದನ್ನು ಕಾಯುವವರು ಒಬ್ಬರೋ ಅನೇಕರೋ? ಅದು ಕೊಡುವ ಮಾತು ಯಾವುದು, ಕೊಡದಿರುವುದು ಯಾವುದು? ವೇಗ, ಗಾತ್ರಗಳ ಪ್ರಶ್ನೆ ಇವುಗಳ ಅನಂತರದ್ದು.

ಈ ವಿಚಾರಕ್ಕೆ ಅನುಗುಣವಾಗಿ ನಮ್ಮ ಸಂಗ್ರಹದ ಏರ್ಪಾಡನ್ನು ಬದಲಾಯಿಸಿದ್ದೇವೆ. ನಿತ್ಯದ ಕೆಲಸದ ಯಂತ್ರದಲ್ಲಿ ಡೆಬಿಯನ್, ಅದರಲ್ಲಿ ಎಕ್ಸ್ಟ್-೪. ಕೆಟ್ಟರೆ ಸರಿಪಡಿಸಬಲ್ಲವರು ಜಿಲ್ಲಾಕೇಂದ್ರದಲ್ಲಿಯೇ ಸಿಗುತ್ತಾರೆ. ಸಂಗ್ರಹದ ಪ್ರತಿಗೆ ಎರಡು ಡಿಸ್ಕುಗಳ ಮತ್ತೊಂದು ಯಂತ್ರ, ಅದರಲ್ಲಿ ಎರಡರಲ್ಲಿಯೂ ಒಂದೊಂದು ಪ್ರತಿಯನ್ನಿಡುವ ಬಿಟಿಆರ್‌ಎಫ್‌ಎಸ್. ಚಿತ್ರಗಳನ್ನು ಸ್ಥಳಾಂತರಿಸದೆ ನಕಲು ಮಾಡುತ್ತೇವೆ. ಎಲ್ಲವನ್ನೂ ಡಿಸ್ಕಿಗೆ ಬರೆಯೆಂಬ ಆಜ್ಞೆಯನ್ನು ಕೊಟ್ಟು, ಪ್ರತಿಯೊಂದು ಕಡತದ ತಾಳೆ ಸಂಖ್ಯೆಯನ್ನು ಕಾರ್ಡಿನೊಡನೆ ಹೋಲಿಸಿ, ಆಮೇಲೆ ಕಾರ್ಡನ್ನು ಬರಿದು ಮಾಡುತ್ತೇವೆ. ದಫ್ತರ ಕೊಟ್ಟ ಮನೆತನದವರಿಗೆ ಒಂದು ಮುದ್ರಿತ ಪ್ರತಿಯನ್ನು ಮರಳಿಸುತ್ತೇವೆ. ಯಾವ ಕಡತ ವ್ಯವಸ್ಥೆಯೂ ಈ ಕೊನೆಯ ಮೂರು ಕೆಲಸಗಳನ್ನು ನಮ್ಮ ಪರವಾಗಿ ಮಾಡಲಾರದು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ನೆಲಸಿರುವ ಈ ಕಾಲದಲ್ಲಿ, ಈ ಪ್ರದೇಶದ ಕಾಗದಗಳನ್ನು ಚಿತ್ರಿಸುವ ವಿದ್ಯಾರ್ಥಿಗಳು ಹೆಚ್ಚುತ್ತಾರೆಂದು ನಿರೀಕ್ಷಿಸಬಹುದು. ಅವರಿಗೆ ಲಿಪಿಯ ಜೊತೆಗೆ ಇಷ್ಟನ್ನೂ ಕಲಿಸುವುದು ಅಧ್ಯಾಪಕರ ಕರ್ತವ್ಯವಾಗಿದೆ.

ಸೊನ್ನೆ ಗಾತ್ರದ ಆ ೧೧ ಕಡತಗಳನ್ನು ನಾವು ಅಳಿಸಿಲ್ಲ. ಶಾಸನ ಸಂಪಾದಕರು ಅಳಿದ ಅಕ್ಷರಗಳ ಸ್ಥಾನದಲ್ಲಿ ಚುಕ್ಕಿಗಳನ್ನಿಡುವಂತೆ, ನಮ್ಮ ಸೂಚಿಯಲ್ಲಿ ಅವುಗಳ ಹೆಸರಿನ ಮುಂದೆ 'ಪಾಠ ನಷ್ಟ' ಎಂದು ಬರೆದಿಟ್ಟಿದ್ದೇವೆ. ಬಾವಿಯ ದುರಸ್ತಿಗೆ ದುಡಿದವರ ಹೆಸರುಗಳಲ್ಲಿ ನಮಗೆ ನೆನಪಿದ್ದಷ್ಟನ್ನು ಅದರ ಕೆಳಗೆ, ನೆನಪಿನಿಂದ ಬರೆದದ್ದೆಂಬ ಷರಾ ಸಹಿತ, ಸೇರಿಸಿದ್ದೇವೆ.